ಶಾಲೆಯ ಗೋಡೆ ಹೇಳುವ ಪಾಠ

ಶಾಲೆಯೊಳಗೆ ಕಾಲಿಟ್ಟ ಮಗುವಿಗೆ ಉಪಾಧ್ಯಾಯರ ಮಾತಿಗಿಂತ ಮೊದಲು ಎದುರಾಗುವುದು ಗೋಡೆ. ಆ ಶಾಲೆಯು ಯಾವುದನ್ನು ದೊಡ್ಡದೆಂದು ಎಣಿಸುತ್ತದೆ ಎಂಬುದನ್ನು ಅಲ್ಲಿಯ ಪಟಗಳೇ ಸಾರುತ್ತವೆ. ಇದಕ್ಕೂ ಒಂದು ಚರಿತ್ರೆಯುಂಟು.

ನಮ್ಮ ಹಿರಿಯರು ಕಲಿತ ಐಗಳ ಮಠದಲ್ಲಿ ಮರಳೇ ಹಲಗೆ, ಬೆರಳೇ ಲೇಖನಿ. ಬರೆದುದು ಅಳಿಸಿಹೋಗುತ್ತಿತ್ತು, ಆದುದರಿಂದ ಕಲಿತುದೆಲ್ಲ ನಾಲಗೆಯ ಮೇಲೆ ನಿಲ್ಲಬೇಕಾಗಿತ್ತು.

ಯುರೋಪಿನಲ್ಲಿ ಮೊರಾವಿಯದ ಕೊಮೇನಿಯಸನು (1592-1670) ಶಾಲೆಯ ಗೋಡೆಗಳ ಮೇಲೆ ಮಹಾಪುರುಷರ ಚಿತ್ರಗಳೂ ಭೂಪಟಗಳೂ ಇರಬೇಕೆಂದು ಬೋಧಿಸಿದನು. ವಸ್ತುವನ್ನು ಕಣ್ಣಿಗೆ ತೋರಿಸದೆ ಬರಿಯ ಶಬ್ದವನ್ನು ಬಾಯಿಪಾಠ ಮಾಡಿಸಬಾರದೆಂಬುದು ಅವನ ಮತ. 1658ರಲ್ಲಿ ಅವನ ಸಚಿತ್ರ ಪಠ್ಯಪುಸ್ತಕವೂ ಅಚ್ಚಾಯಿತು.

ಮುಂದಿನ ಕಥೆಗೆ ನಮ್ಮ ಕಡೆಯ ಮರಳಿನ ನಂಟಿದೆ. 1789ರಿಂದ ಮದರಾಸಿನ ಎಗ್ಮೋರಿನ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ಲನು ನಾಡಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನಲ್ಲಿಯೂ ಆಚರಣೆಗೆ ತಂದನು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸಿದ ಆ ಕ್ರಮದ ವರದಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1798ರಲ್ಲಿ ಅಲ್ಲಿಯೇ ಬಡಮಕ್ಕಳಿಗಾಗಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರನು ಇಂಥದೇ ಕ್ರಮವನ್ನು ನಡೆಸಿದನು. ಎಲ್ಲರಿಗೂ ಪುಸ್ತಕ ಕೊಳ್ಳಲು ಹಣವೆಲ್ಲಿ? ಪಾಠಗಳನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ, ಹಲಗೆಗೆ ಅಂಟಿಸಿ, ಗೋಡೆಗೆ ತೂಗುಹಾಕಿಸಿದನು. ಮಕ್ಕಳು ಅರ್ಧಚಂದ್ರಾಕಾರವಾಗಿ ನಿಂತು ಓದುತ್ತಿದ್ದರು. ಸರಿಯಾಗಿ ಹೇಳಿದವನು ಮುಂದಿನ ಸ್ಥಾನಕ್ಕೇರುತ್ತಿದ್ದನು. ಆ ಗೋಡೆ ಬಡವನಿಗೂ ಅಕ್ಷರವನ್ನು ನೀಡಿತು. ಜೊತೆಗೆ ಶಿಸ್ತನ್ನೂ ಪೈಪೋಟಿಯನ್ನೂ ಕಲಿಸಿತು.

1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸೋರಿಯವರು ಕರಿಹಲಗೆಯನ್ನು ಮಗುವಿನ ಕೈಗೆಟಕುವಷ್ಟು ತಗ್ಗಿನಲ್ಲಿ ಇರಿಸಿದರು. ಗೋಡೆ ಮಗುವಿನದೂ ಆಯಿತು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ನೀಡಿದರು.

ಕಾಸರಗೋಡಿನ ನಮ್ಮ ಮಕ್ಕಳು ದಾರಿಯುದ್ದಕ್ಕೂ ಬೇರೆ ಲಿಪಿಯ ಫಲಕಗಳನ್ನು ಕಾಣುತ್ತ ಶಾಲೆಗೆ ಬರುತ್ತಾರೆ. ಆದುದರಿಂದ ನಮ್ಮ ಗೋಡೆಯ ಮೇಲಿನ ಕನ್ನಡ ಅಕ್ಷರಕ್ಕೆ ಹೆಚ್ಚಿನ ಹೊಣೆಯಿದೆ. ಆದರೂ ಬಹುಕಾಲ ನಾವು ದುಂಡಗೆ ಬರೆದವರ ಹಾಳೆಗಳನ್ನಷ್ಟೇ ಅಂಟಿಸುತ್ತಿದ್ದೆವು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ, "ಮಾಷ್ಟ್ರೇ, ನನ್ನದಕ್ಕೆ ಗೋಡೆಯಲ್ಲಿ ಜಾಗ ಸಾಲದೇ?" ಎಂದು ಕೇಳಿದನು. ಸ್ಥಳವೇನೋ ಬೇಕಾದಷ್ಟಿತ್ತು. ನಾವು ಲ್ಯಾಂಕಾಸ್ಟರನ ಸಾಲಿನಲ್ಲಿಯೇ ನಿಂತಿದ್ದೇವೆಂದು ಅಂದು ತಿಳಿಯಿತು.

ಅವನ ವಕ್ರಾಕ್ಷರದ ಹಾಳೆಯನ್ನು ಅವನ ಕಣ್ಣಿನ ಎತ್ತರಕ್ಕೇ ಅಂಟಿಸಿದೆವು. ಉಪಾಧ್ಯಾಯ ಬಂಧುಗಳೇ, ನಾಳೆ ತಮ್ಮ ತರಗತಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಗೋಡೆಯನ್ನು ಕೊನೆಯ ಸಾಲಿನ ಮಗುವಿನ ಕಣ್ಣಿನಿಂದ ನೋಡಬೇಕೆಂದು ವಿನಂತಿ.