ಮರುಪಂದ್ಯದ ಭವಿಷ್ಯ ಹೇಳುವವರ ಕಷ್ಟ

ಬಾಕ್ಸಿಂಗ್ ಪಂಡಿತರಲ್ಲಿ ಒಂದು ಹಳೆಯ ನಂಬಿಕೆಯಿದೆ. ಇಬ್ಬರು ಮೊದಲ ಸಲ ಎದುರಾದಾಗ ಗೆಲ್ಲುವವರು ಯಾರೆಂದು ಹೇಳುವುದು ಕಷ್ಟ, ಆದರೆ ಅದೇ ಇಬ್ಬರು ಎರಡನೆಯ ಸಲ ಎದುರಾದರೆ ಹೇಳುವುದು ಸುಲಭ ಎಂಬುದು. ಒಬ್ಬನ ಬಲ, ಇನ್ನೊಬ್ಬನ ದೌರ್ಬಲ್ಯ ಎರಡೂ ಆ ಹೊತ್ತಿಗೆ ಎಲ್ಲರ ಕಣ್ಣೆದುರು ಬಂದಿರುತ್ತವಲ್ಲ! ಆದರೆ ಮುಷ್ಟಿಯುದ್ಧದ ಚರಿತ್ರೆ ನೋಡಿದರೆ ಈ ನಂಬಿಕೆಗೆ ಹೆಚ್ಚಿನ ಆಧಾರ ಸಿಗುವುದಿಲ್ಲ. ಜೋ ಲೂಯಿಸ್ ಮತ್ತು ಮ್ಯಾಕ್ಸ್ ಶ್ಮೆಲಿಂಗ್ ನಡುವೆ 1936 ಮತ್ತು 1938ರಲ್ಲಿ ನಡೆದ ಎರಡು ಹೋರಾಟಗಳು ಇದಕ್ಕೆ ಅತ್ಯುತ್ತಮ ನಿದರ್ಶನ.

ಲೂಯಿಸ್ ಅಮೆರಿಕದ ಅಲಬಾಮಾದಲ್ಲಿ 1914ರಲ್ಲಿ ಹುಟ್ಟಿ, ಡೆಟ್ರಾಯಿಟ್‌ನಲ್ಲಿ ಬೆಳೆದ ಕಪ್ಪು ವರ್ಣೀಯ ಯುವಕ. 1935ರಲ್ಲಿ ಪ್ರೈಮೊ ಕಾರ್ನೆರಾ ಹಾಗೂ ಮ್ಯಾಕ್ಸ್ ಬೇರ್ ಎಂಬ ಇಬ್ಬರು ಮಾಜಿ ವಿಶ್ವ ಚಾಂಪಿಯನ್ನರನ್ನು ಕೆಡವಿದ್ದ. ವೃತ್ತಿಪರನಾದ ಮೇಲೆ ಒಂದು ಸೋಲನ್ನೂ ಕಂಡಿರಲಿಲ್ಲ. ಶ್ಮೆಲಿಂಗ್ ಜರ್ಮನಿಯವನು, ಲೂಯಿಸ್‌ಗಿಂತ ಎಂಟು ವರ್ಷಕ್ಕೂ ಹೆಚ್ಚು ಹಿರಿಯ. 1930ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಆಗಿದ್ದರೂ 1932ರಲ್ಲಿ ಪಟ್ಟ ಕಳೆದುಕೊಂಡಿದ್ದ, 1933ರಲ್ಲಿ ಬೇರ್ ಕೈಯಲ್ಲಿ ಪೆಟ್ಟು ತಿಂದು ಸೋತಿದ್ದ. ಹೀಗಾಗಿ 1936ರ ಜೂನ್‌ನಲ್ಲಿ ಇಬ್ಬರೂ ನ್ಯೂಯಾರ್ಕ್‌ನ ಯಾಂಕೀ ಕ್ರೀಡಾಂಗಣದಲ್ಲಿ ಎದುರಾದಾಗ ಬಾಜಿ ಕಟ್ಟುವವರ ಪಾಲಿಗೆ ಫಲಿತಾಂಶ ಮೊದಲೇ ನಿಶ್ಚಿತವಾಗಿತ್ತು. ಲೂಯಿಸ್ ಕೂಡ ಹಾಗೆಯೇ ಎಣಿಸಿದ್ದಂತೆ ಕಾಣುತ್ತದೆ. ಶಿಬಿರದಲ್ಲಿ ಅಭ್ಯಾಸಕ್ಕಿಂತ ಗಾಲ್ಫ್ ಮೈದಾನದ ಸೆಳೆತವೇ ಆತನಿಗೆ ಹೆಚ್ಚಾಗಿತ್ತು.

ಶ್ಮೆಲಿಂಗ್ ಮಾತ್ರ ಮನೆಪಾಠ ಮಾಡಿಕೊಂಡು ಬಂದಿದ್ದ. 1935ರ ಡಿಸೆಂಬರ್‌ನಲ್ಲಿ ಲೂಯಿಸ್‌ನ ಒಂದು ಪಂದ್ಯವನ್ನು ಕಟ್ಟೆಯ ಪಕ್ಕದಲ್ಲೇ ಕುಳಿತು ನೋಡಿದ. ಆತನ ಹೋರಾಟಗಳ ಚಲನಚಿತ್ರಗಳನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ. ತನಗೇನೋ ಕಂಡಿದೆ ಎಂದು ಪತ್ರಕರ್ತರಿಗೆ ಹೇಳಿದನೇ ಹೊರತು ಕಂಡದ್ದೇನೆಂದು ಬಾಯಿಬಿಡಲಿಲ್ಲ. ಎಡಗೈಯಿಂದ ನೇರ ಪೆಟ್ಟು ಕೊಟ್ಟ ಮೇಲೆ ಲೂಯಿಸ್ ಆ ಕೈಯನ್ನು ಮುಖದ ರಕ್ಷಣೆಗೆ ಹಿಂದಕ್ಕೆ ತರುವ ಬದಲು ಕೆಳಕ್ಕೆ ಇಳಿಬಿಡುತ್ತಿದ್ದ. ಆ ಒಂದು ಕ್ಷಣ ಆತನ ದವಡೆ ಶ್ಮೆಲಿಂಗ್‌ನ ಬಲಗೈಗೆ ತೆರೆದ ಬಾಗಿಲಾಗುತ್ತಿತ್ತು.

ಜೂನ್ 19ರ ರಾತ್ರಿ ಆದದ್ದೂ ಅದೇ. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕುರುಳಿದ. ಮುಂದಿನ ಸುತ್ತುಗಳಲ್ಲಿಯೂ ಶ್ಮೆಲಿಂಗ್‌ನ ಬಲಗೈ ಅದೇ ಬಾಗಿಲಲ್ಲಿ ಮತ್ತೆ ಮತ್ತೆ ನುಗ್ಗಿತು. ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸ್ ಬಿದ್ದವನು ಎಣಿಕೆ ಮುಗಿಯುವವರೆಗೆ ಏಳಲಿಲ್ಲ.

ಈ ಸೋಲಿನ ಅರ್ಥ ಕ್ರೀಡೆಯ ಎಲ್ಲೆಯನ್ನು ದಾಟಿತು. ಶ್ಮೆಲಿಂಗ್ ಹಿಂಡನ್‌ಬರ್ಗ್ ವಾಯುನೌಕೆಯಲ್ಲಿ ತಾಯ್ನಾಡಿಗೆ ಮರಳಿದಾಗ ವೀರೋಚಿತ ಸ್ವಾಗತ ಕಾದಿತ್ತು. ಪಂದ್ಯದ ಚಿತ್ರವನ್ನು ಜರ್ಮನಿಯ ಗೆಲುವೆಂಬ ಹೆಸರಿನಲ್ಲೇ ಪ್ರದರ್ಶಿಸಲಾಯಿತು. ನಾಜಿ ಪ್ರಚಾರಕರಿಗೆ ಇದು ಜನಾಂಗ ಶ್ರೇಷ್ಠತೆಯ ತಮ್ಮ ಸಿದ್ಧಾಂತಕ್ಕೆ ಸಿಕ್ಕ ಪುರಾವೆ. ಅತ್ತ ಅಮೆರಿಕದ ಕಪ್ಪು ಜನರಿಗೆ ಮನೆಯಲ್ಲಿ ಸಾವಾದಷ್ಟು ದುಃಖ. 1908ರಿಂದ 1915ರವರೆಗೆ ಚಾಂಪಿಯನ್ ಆಗಿದ್ದ ಜಾಕ್ ಜಾನ್ಸನ್ ನಂತರ ಅವರಲ್ಲಿ ಒಬ್ಬನಿಗೂ ಆ ಪಟ್ಟಕ್ಕಾಗಿ ಸೆಣಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಆ ಬಾಗಿಲು ಲೂಯಿಸ್‌ನಿಂದ ತೆರೆದೀತೆಂದು ಅವರು ಕಾದಿದ್ದರು.

ಬಾಗಿಲು ತೆರೆದದ್ದು ಮರುವರ್ಷ. 1937ರ ಜೂನ್ 22ರಂದು ಷಿಕಾಗೋದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಲೂಯಿಸ್ ವಿಶ್ವ ಚಾಂಪಿಯನ್ ಆದ. ಆದರೂ ಶ್ಮೆಲಿಂಗ್‌ನನ್ನು ಸೋಲಿಸುವವರೆಗೆ ತನ್ನನ್ನು ಚಾಂಪಿಯನ್ ಎಂದು ಕರೆಯಬೇಡಿ ಎಂದ. ಮರುಪಂದ್ಯ ಅನಿವಾರ್ಯವಾಯಿತು. ಸರಿಯಾಗಿ ಒಂದು ವರ್ಷದ ನಂತರ, 1938ರ ಜೂನ್ 22ಕ್ಕೆ ಅದೇ ಯಾಂಕೀ ಕ್ರೀಡಾಂಗಣದಲ್ಲಿ ದಿನ ನಿಗದಿಯಾಯಿತು. ಅದೇ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತ್ತು.

ಈಗ ಗೆಲ್ಲುವವರು ಯಾರು? ಒಲವು ಲೂಯಿಸ್ ಕಡೆಗಿತ್ತಾದರೂ 1936ರಷ್ಟು ಏಕಪಕ್ಷೀಯವಾಗಿರಲಿಲ್ಲ. ಒಮ್ಮೆ ಬಿದ್ದವನು ಅದೇ ಬಲಗೈಗೆ ಮತ್ತೆ ಬೀಳಲಾರನೇ ಎಂಬ ಸಂಶಯ ಹಲವರಲ್ಲಿತ್ತು. ಇನ್ನು ಕೆಲವರು ಹೇಳುತ್ತಿದ್ದುದು ಭವಿಷ್ಯವಲ್ಲ, ತಮ್ಮ ಆಸೆ. ಜನಾಂಗದ ಅಭಿಮಾನ, ದೇಶದ ಅಭಿಮಾನ, ನಾಜಿಗಳ ಮೇಲಿನ ಸಿಟ್ಟು ಎಲ್ಲವೂ ಲೆಕ್ಕಾಚಾರದಲ್ಲಿ ಬೆರೆತಿದ್ದವು.

ಶಾಂತವಾಗಿ ನೋಡುವವರಿಗೆ ಬೇರೆ ಸುಳಿವುಗಳಿದ್ದವು. ಎರಡು ವರ್ಷಗಳಲ್ಲಿ ಲೂಯಿಸ್ ಹನ್ನೊಂದು ಹೋರಾಟ ಮಾಡಿದ್ದ, ಶ್ಮೆಲಿಂಗ್ ಬರೀ ಮೂರು. ಹ್ಯಾರಿ ಥಾಮಸ್ ಎಂಬಾತನನ್ನು ಕೆಡವಲು ಶ್ಮೆಲಿಂಗ್‌ಗೆ ಎಂಟು ಸುತ್ತು ಬೇಕಾಗಿತ್ತು; ಕೆಲವೇ ತಿಂಗಳ ಅಂತರದಲ್ಲಿ ಲೂಯಿಸ್ ಐದೇ ಸುತ್ತುಗಳಲ್ಲಿ ಆ ಕೆಲಸ ಮುಗಿಸಿದ್ದ. ಒಬ್ಬನಿಗೆ 24 ವರ್ಷ, ಇನ್ನೊಬ್ಬನಿಗೆ 32. ಎಲ್ಲಕ್ಕಿಂತ ಮಿಗಿಲಾಗಿ, ಶ್ಮೆಲಿಂಗ್‌ನ ಗುಟ್ಟು ಈಗ ಗುಟ್ಟಾಗಿ ಉಳಿದಿರಲಿಲ್ಲ. ಲೂಯಿಸ್‌ನ ತರಬೇತುದಾರ ಜ್ಯಾಕ್ ಬ್ಲ್ಯಾಕ್‌ಬರ್ನ್‌ಗೂ ಅದು ತಿಳಿದಿತ್ತು. ಶ್ಮೆಲಿಂಗ್ ಎದುರಾಳಿ ಮುಂದುವರಿಯುವುದನ್ನು ಕಾದು ಮರುಪೆಟ್ಟು ಕೊಡುವವನು, ನಿಧಾನವಾಗಿ ಬಿಸಿಯೇರುವವನು. ಅಂಥವನಿಗೆ ಕಾಯುವ ಸಮಯವನ್ನೇ ಕೊಡಬಾರದು. ಮೊದಲ ಗಂಟೆ ಬಾರಿಸಿದ ಕೂಡಲೇ ಎರಗಬೇಕು.

ಪಂದ್ಯಕ್ಕೆ ಮುನ್ನ ಕ್ರೀಡಾ ಬರಹಗಾರ ಜಿಮ್ಮಿ ಕ್ಯಾನನ್, ಆರನೆಯ ಸುತ್ತಿನಲ್ಲಿ ಲೂಯಿಸ್ ಗೆಲ್ಲುತ್ತಾನೆಂದು ತಾನು ಬರೆದಿರುವುದಾಗಿ ಹೇಳಿದಾಗ ಲೂಯಿಸ್ ಒಂದೇ ಬೆರಳು ಎತ್ತಿ ತೋರಿಸಿದನಂತೆ.

ಸುಮಾರು 70 ಸಾವಿರ ಜನ ಕ್ರೀಡಾಂಗಣದಲ್ಲಿದ್ದರು, ಕೋಟಿಗಟ್ಟಲೆ ಜನ ರೇಡಿಯೋಗೆ ಕಿವಿಗೊಟ್ಟಿದ್ದರು. ಲೂಯಿಸ್ ಕಾಯಲಿಲ್ಲ. ಎದುರಾಳಿಯನ್ನು ಹಗ್ಗಕ್ಕೆ ಒತ್ತರಿಸಿ ಹೊಡೆದ. ಪಕ್ಕೆಗೆ ಬಿದ್ದ ಒಂದು ಪೆಟ್ಟಿಗೆ ಶ್ಮೆಲಿಂಗ್ ನೋವಿನಿಂದ ಚೀರಿದ್ದು ಕಟ್ಟೆಯ ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಮೂರು ಸಲ ಆತ ನೆಲ ಕಂಡ. ಅವನ ಕಡೆಯವರು ಶರಣಾಗತಿಯ ಟವೆಲ್ ಎಸೆದರು, ರೆಫರಿ ಆರ್ಥರ್ ಡೊನೊವನ್ ಹೋರಾಟ ನಿಲ್ಲಿಸಿದ. ಆಗ ಕಳೆದಿದ್ದ ಸಮಯ 2 ನಿಮಿಷ 4 ಸೆಕೆಂಡು. ಕೂತವರು ಸರಿಯಾಗಿ ಕೂರುವ ಮೊದಲೇ ಎಲ್ಲ ಮುಗಿದಿತ್ತು. ಹಾರ್ಲೆಮ್‌ನ ಬೀದಿಗಳಲ್ಲಿ ಜನ ರಾತ್ರಿಯಿಡೀ ಕುಣಿದರು.

ಹಾಗಾದರೆ ಸೋತವನೇ ಮರುಪಂದ್ಯ ಗೆಲ್ಲುತ್ತಾನೆಂದು ಸೂತ್ರ ಮಾಡಬಹುದೇ? ಅದಕ್ಕೂ ಚರಿತ್ರೆ ಒಪ್ಪುವುದಿಲ್ಲ. 1926ರಲ್ಲಿ ಜೀನ್ ಟನಿಗೆ ಸೋತ ಜ್ಯಾಕ್ ಡೆಂಪ್ಸಿ 1927ರಲ್ಲಿ ಎದುರಾಳಿಯನ್ನು ಒಮ್ಮೆ ಕೆಡವಿದರೂ ಕೊನೆಗೆ ಮತ್ತೆ ಸೋತ. 1964ರಲ್ಲಿ ಸೋನಿ ಲಿಸ್ಟನ್‌ನನ್ನು ಮಹಮ್ಮದ್ ಅಲಿ ಸೋಲಿಸಿದ್ದು ಆಕಸ್ಮಿಕವೆಂದೇ ಭಾವಿಸಿದ ಬಾಜಿದಾರರು 1965ರ ಮರುಪಂದ್ಯದಲ್ಲೂ ಲಿಸ್ಟನ್ ಪರವಾಗಿಯೇ ನಿಂತರು. ಅದು ಮೊದಲ ಸುತ್ತಿನಲ್ಲೇ ಅಲಿಯ ಗೆಲುವಿನೊಂದಿಗೆ ಮುಗಿಯಿತು. 1980ರ ಜೂನ್‌ನಲ್ಲಿ ರಾಬರ್ಟೊ ಡುರಾನ್‌ನ ಒರಟು ಕಾದಾಟಕ್ಕೆ ಒರಟುತನದಿಂದಲೇ ಉತ್ತರಿಸಿ ಸೋತ ಶುಗರ್ ರೇ ಲೆನಾರ್ಡ್, ನವೆಂಬರ್‌ನಲ್ಲಿ ಕಾಲಿನ ಚುರುಕುತನ ನಂಬಿ ಆಡಿದ. ಎಂಟನೆಯ ಸುತ್ತಿನಲ್ಲಿ ಡುರಾನ್ ತಾನಾಗಿಯೇ ಕೈಚೆಲ್ಲಿದ.

ಈ ಉದಾಹರಣೆಗಳಿಂದ ತಿಳಿಯುವುದು ಇಷ್ಟೇ. ಮೊದಲ ಪಂದ್ಯದ ಫಲಿತಾಂಶಕ್ಕಿಂತ ಅದರ ಕಾರಣ ಮುಖ್ಯ. ಸೋಲಿಗೆ ಕಾರಣ ತಿದ್ದಿಕೊಳ್ಳಬಹುದಾದ ತಪ್ಪಾಗಿದ್ದರೆ ಸೋತವನಿಗೆ ಎರಡನೆಯ ಅವಕಾಶ ನಿಜವಾದ ಅವಕಾಶ. ಕಾರಣ ವಯಸ್ಸೋ, ನಿಧಾನಗತಿಯೋ ಆಗಿದ್ದರೆ ಕಾಲ ಅದನ್ನು ಸರಿಪಡಿಸುವುದಿಲ್ಲ. ಡೆಂಪ್ಸಿಯ ಸೋಲು ಎರಡನೆಯ ಬಗೆಯದು, ಲೂಯಿಸ್‌ನ ಸೋಲು ಮೊದಲನೆಯದು. ಗೆದ್ದವನು ಗೆಲುವಿನಿಂದ ಕಲಿಯುವುದು ಕಡಿಮೆ ಎಂಬುದನ್ನೂ ಮರೆಯುವಂತಿಲ್ಲ. ಶ್ಮೆಲಿಂಗ್ 1938ರಲ್ಲಿ ಕಾದಾಡಲು ಬಂದದ್ದು 1936ರ ಲೂಯಿಸ್‌ನೊಡನೆ. ಆ ಲೂಯಿಸ್ ಅಲ್ಲಿರಲಿಲ್ಲ.

ಶ್ಮೆಲಿಂಗ್ ಬಗ್ಗೆ ಜನ ಮಾಡಿದ ಇನ್ನೊಂದು ಎಣಿಕೆಯೂ ತಪ್ಪಾಗಿತ್ತು. ಎಲ್ಲರೂ ನಾಜಿಗಳ ಪ್ರತಿನಿಧಿಯೆಂದು ಕಂಡ ಈತ ನಾಜಿ ಪಕ್ಷಕ್ಕೆ ಸೇರಿರಲಿಲ್ಲ. ಯಹೂದಿಯಾಗಿದ್ದ ತನ್ನ ಮ್ಯಾನೇಜರ್ ಜೋ ಜೇಕಬ್ಸ್‌ನನ್ನು ಒತ್ತಡ ಬಂದರೂ ಕೈಬಿಟ್ಟಿರಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಬರ್ಲಿನ್‌ನಲ್ಲಿ ಇಬ್ಬರು ಯಹೂದಿ ಹುಡುಗರನ್ನು ತನ್ನ ಹೋಟೆಲ್ ಕೊಠಡಿಯಲ್ಲಿ ಅಡಗಿಸಿಟ್ಟಿದ್ದ. ಇದು ಹೊರಗೆ ಬಂದದ್ದು 1989ರಲ್ಲಿ. ಯುದ್ಧಾನಂತರ ಅವನು ಲೂಯಿಸ್‌ನನ್ನು ಹುಡುಕಿಕೊಂಡು ಹೋಗಿ ಭೇಟಿಯಾದ, ಇಬ್ಬರೂ ಗೆಳೆಯರಾದರು. ತೆರಿಗೆ ಸಾಲದಲ್ಲಿ ಮುಳುಗಿದ್ದ ಲೂಯಿಸ್ 1981ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೆ ಶ್ಮೆಲಿಂಗ್ ನೆರವಾದನೆಂದು ಹೇಳಲಾಗುತ್ತದೆ. ಶ್ಮೆಲಿಂಗ್ 2005ರಲ್ಲಿ, 99ನೆಯ ವಯಸ್ಸಿನಲ್ಲಿ ನಿಧನ ಹೊಂದಿದ. 1938ರ ಆ ರಾತ್ರಿ ಬಾಜಿ ಕಟ್ಟಿದವರಲ್ಲಿ ಈ ಸ್ನೇಹವನ್ನು ಊಹಿಸಿದವರಂತೂ ಇರಲಾರರು.