ಹೊಸೂರು ರಸ್ತೆಯ ಯೀಸ್ಟು
1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕಿರಣ್ ಮಜುಂದಾರ್ ಆರಂಭಿಸಿದ ಬಯೋಕಾನ್, ಪರಂಗಿಕಾಯಿಯ ಹಾಲಿನಿಂದ ದೊರೆಯುವ ಪಪೇಯಿನ್ ಎಂಬ ಕಿಣ್ವದಿಂದ ಮೊದಲಾಗಿ, 2004ರಲ್ಲಿ ಇನ್ಸುಜೆನ್ ಎಂಬ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಾಗ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಸೀಮೆಯ ಉದ್ದಿಮೆಯ ಚರಿತ್ರೆಗೆ ಅದನ್ನು ತಯಾರಿಸಿಕೊಡುವ ಪಿಕಿಯಾ ಪಾಸ್ಟೋರಿಸ್ ಎಂಬ ಏಕಕೋಶ ಯೀಸ್ಟೂ ಸೇರಿತು. ಮೆಥನಾಲ್ ಎಂಬ ಮದ್ಯಸಾರವನ್ನೇ ಉಂಡು ಬೆಳೆಯಬಲ್ಲ ಈ ಜೀವಿಯಲ್ಲಿ, ಅದನ್ನು ಅರಗಿಸುವ ಮುಖ್ಯ ಕಿಣ್ವದ ಜೀನ್, ಅಂದರೆ ವಂಶವಾಹಿ, ಕೆಟ್ಟರೂ ರೂಪಾಂತರಿ ತಳಿ ಸಾಯುವುದಿಲ್ಲ. ದುರ್ಬಲವಾದ ಎರಡನೆಯ ಜೀನನ್ನು ನೆಚ್ಚಿ ನಿಧಾನವಾಗಿ ಉಣ್ಣುತ್ತದೆ, ಆದ್ದರಿಂದ ಹುದುಗು ತೊಟ್ಟಿಗೆ ಮೆಥನಾಲೂ ಆಮ್ಲಜನಕವೂ ಕಡಿಮೆ ಸಾಕು. ಇದಕ್ಕಿಂತ ಬೆರಗಿನ ಸಂಗತಿಯೆಂದರೆ, ಇನ್ಸುಲಿನ್ನಿನಂಥ ಪ್ರೋಟೀನಿನ ತುದಿಗೆ ವಿಳಾಸಚೀಟಿಯಂಥ ಸಂಕೇತಸರಣಿಯೊಂದನ್ನು ಜೋಡಿಸಿದರೆ ಕೋಶವೇ ಅದನ್ನು ತನ್ನ ಪೊರೆಯಾಚೆಗೆ ದಾಟಿಸುತ್ತದೆ. ಆಗ ಕೋಶವನ್ನು ಒಡೆಯದೆ, ಸುತ್ತಲಿನ ದ್ರವದಿಂದಲೇ ಪ್ರೋಟೀನನ್ನು ಬೇರ್ಪಡಿಸಿಕೊಳ್ಳಬಹುದು.