ಪಚಿಂಕೊ: ಹೆಸರಿನಲ್ಲೇ ಸದ್ದಿರುವ ಜೂಜು

ಒಲೆಯಲ್ಲಿ ಕಿಡಿ ಸಿಡಿದರೆ ನಾವು 'ಚಟಚಟ' ಎನ್ನುತ್ತೇವೆ, ಜಪಾನೀಯರು 'ಪಚಿಪಚಿ' ಎನ್ನುತ್ತಾರೆ. ನಮ್ಮ ವೈಯಾಕರಣರು ಅನುಕರಣಾವ್ಯಯವೆಂದು ಕರೆಯುವ ಇಂಥದೊಂದು ಪದದಿಂದಲೇ 'ಪಚಿಂಕೊ' ಎಂಬ ಹೆಸರು ಹುಟ್ಟಿದೆ. ಮಕ್ಕಳು ರಬ್ಬರ್ ಕಟ್ಟಿ ಕಲ್ಲು ಹಾರಿಸುವ ಕವಣೆಗೂ ಅಲ್ಲಿ ಇದೇ ಹೆಸರು.

ಹೆಸರು ಜಪಾನಿನದಾದರೂ ಆಟದ ಬೇರು ಪಶ್ಚಿಮದ್ದು. ಹಲಗೆಗೆ ಮೊಳೆ ಹೊಡೆದು, ಅವುಗಳ ನಡುವೆ ಗೋಲಿ ಉರುಳಿಸುವ ಆಟವೊಂದು 1920ರ ದಶಕದಲ್ಲಿ ಅಲ್ಲಿಗೆ ಬಂತು. ಮೊದಲು ಅದು ಮಿಠಾಯಿ ಅಂಗಡಿಯ ಮಕ್ಕಳಾಟ. ಗೆದ್ದವರಿಗೆ ಸಿಹಿ ಸಿಗುತ್ತಿತ್ತು. ಕ್ರಮೇಣ ಹಲಗೆ ನೆಟ್ಟಗೆ ನಿಂತಿತು, ದೊಡ್ಡವರೂ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಂಗಡಿಗಳು ಮುಚ್ಚಿದವು. ಯುದ್ಧ ಮುಗಿದ ಮೇಲೆ ನಗೊಯ ನಗರದ ಮಸಾಮುರ ತಾಕೆಇಚಿ ಮೊಳೆಗಳ ಜೋಡಣೆಯನ್ನೇ ಬದಲಿಸಿದರು. ಉಕ್ಕಿನ ಗುಂಡುಗಳ ಓಟ ಊಹೆಗೆ ಸಿಗದಂತಾಯಿತು. ಹಸಿದ ದೇಶದಲ್ಲಿ ಸಿಗರೇಟಿನ ಆಸೆಗೆ ಜನ ಮುಗಿಬಿದ್ದರು.

ಜಪಾನಿನ ದಂಡಸಂಹಿತೆ ಜೂಜನ್ನು ನಿಷೇಧಿಸುತ್ತದೆ. ಆದ್ದರಿಂದ ಪಚಿಂಕೊ ಅಂಗಡಿ ಹಣ ಕೊಡುವಂತಿಲ್ಲ. ಗೆದ್ದ ಗುಂಡುಗಳಿಗೆ ಅದು ಒಂದು ಬಹುಮಾನದ ವಸ್ತು ಕೊಡುತ್ತದೆ. ಪಕ್ಕದ ಪುಟ್ಟ ಕಿಟಕಿಯಲ್ಲಿ ಇನ್ನೊಬ್ಬರು ಅದನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಮೂರನೆಯವರು ಅದನ್ನು ಮರಳಿ ಅಂಗಡಿಗೆ ಮಾರುತ್ತಾರೆ. ಕಾಗದದ ಮೇಲೆ ಮೂವರಿಗೂ ಸಂಬಂಧವಿಲ್ಲ. ಕಾನೂನೂ ಉಳಿಯಿತು, ಜೂಜೂ ಉಳಿಯಿತು.

ಈ ಅಂಗಡಿಗಳ ಒಡೆಯರಲ್ಲಿ ಕೊರಿಯಾ ಮೂಲದವರು ಬಹಳ. ವಸಾಹತು ಕಾಲದಲ್ಲಿ ಜಪಾನಿಗೆ ಬಂದ ಕೊರಿಯನ್ನರು 1952ರಲ್ಲಿ ಜಪಾನೀ ಪೌರತ್ವ ಕಳೆದುಕೊಂಡರು. ಸರ್ಕಾರಿ ಕೆಲಸವಿಲ್ಲ, ದೊಡ್ಡ ಕಂಪೆನಿಗಳ ಬಾಗಿಲೂ ತೆರೆಯಲಿಲ್ಲ. ಮರ್ಯಾದಸ್ಥರು ಮುಟ್ಟಲೊಲ್ಲದ ದಂಧೆಯೇ ಹಲವರಿಗೆ ಅನ್ನವಾಯಿತು. ಬಳಿಕ ಆ ದಂಧೆಯ ಹೆಸರಿನಲ್ಲೇ ಅವರನ್ನು ಹೀನೈಸಲಾಯಿತು. ಮಿನ್ ಜಿನ್ ಲೀ ಅವರ 2017ರ ಕಾದಂಬರಿ 'ಪಚಿಂಕೊ' ಇಂಥದೊಂದು ಕುಟುಂಬದ ಕಥೆ.

1990ರ ದಶಕದ ನಡುವಿನಲ್ಲಿ ಸುಮಾರು 18,000 ಇದ್ದ ಅಂಗಡಿಗಳು 2023ರ ಕೊನೆಗೆ 7,000ದ ಆಸುಪಾಸಿಗೆ ಇಳಿದವು. ಆದರೆ ತಂದೆತಾಯಿ ಒಳಗೆ ಆಡುತ್ತಿದ್ದಾಗ, ಬಿಸಿಲಿಗೆ ನಿಂತ ಕಾರಿನಲ್ಲಿ ಸತ್ತ ಎಳೆಮಕ್ಕಳನ್ನು ಯಾವ ಇಳಿಕೆಯೂ ಮರಳಿ ತರದು. ಜೂಜಿನ ಚಟದ ವಿರುದ್ಧ ಪ್ರತ್ಯೇಕ ಕಾನೂನು ಬಂದದ್ದು 2018ರಲ್ಲಿ.

ಮಿಠಾಯಿಗಾಗಿ ಆಡಿದ ಆಟ ಮನೆಯ ದುಡಿಮೆಯನ್ನು ನುಂಗುವ ತನಕ ಬೆಳೆದರೂ ಅದರ ಹೆಸರು ಮಾತ್ರ ಮಕ್ಕಳ ಬಾಯಿಯದಾಗಿಯೇ ಉಳಿದಿದೆ. ಹೆಸರು ಮುದ್ದಾಗಿದ್ದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಕದ ಕಿಟಕಿಯಲ್ಲಿ ಏನು ನಡೆಯುತ್ತಿದೆ?